ಜಿಟಿಜಿಟಿ ಮಳೆಗೂ ಡಿಶ್ ಹೋಗುತ್ತೆ, ಅಪ್ಪಯ್ಯನ ರೇಡಿಯೋ ಮಾತ್ರ ಹೋಗಲ್ಲ. ಯಾಕೆ?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಒಳಗೆ ಸಿಗುವ ಒಂದು ಹಳ್ಳಿ. ಸುತ್ತ ಗುಡ್ಡ, ಮಧ್ಯೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ. ಪುನರ್ವಸು ಮಳೆ ಶುರುವಾದಾಗಿನಿಂದ ಮನೆಯಲ್ಲಿ ದಿನಾ ಒಂದೇ ಜಗಳ. ಟಿವಿ ಹೋಯಿತು ಅಂತ.

ಧೋ ಅಂತ ಹೊಡೆದಾಗ ಡಿಶ್ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅದಕ್ಕೆ ನಾನು ತಲೆ ಕೆಡಿಸಿಕೊಂಡವನಲ್ಲ. ಆದರೆ ಈ ವರ್ಷ ಸುಮ್ನೆ ಜಿಟಿಜಿಟಿ ಹನಿಯುತ್ತಿದ್ದರೂ ‘ಸಿಗ್ನಲ್ ಇಲ್ಲ’ ಅಂತ ಬರುತ್ತದೆ. ಮಳೆ ಪೂರ್ತಿ ನಿಂತು ಬಿಸಿಲು ಇಣುಕಿದ ಮೇಲೂ ಒಂದು ಗಂಟೆ, ಕೆಲವು ದಿನ ಎರಡು ಗಂಟೆ, ಏನೂ ಇಲ್ಲ. ಆಮೇಲೆ ಯಾರೂ ಮುಟ್ಟದೆ ತಾನಾಗಿಯೇ ಬರುತ್ತದೆ.

ಇತ್ತ ಅಪ್ಪಯ್ಯ ಜಗಲಿಯಲ್ಲಿ ಕೂತು ಸೆಲ್ ಹಾಕುವ ಹಳೇ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಕೇಳುತ್ತಾರೆ. ಎಂಥ ಮಳೆಗೂ ಅದು ನಿಲ್ಲುವುದಿಲ್ಲ. "ನಿಮ್ಮ ತಟ್ಟೆಗೆ ಆಕಾಶ ಕಾಣಬೇಕು, ನನ್ನ ಡಬ್ಬಿಗೆ ಏನೂ ಕಾಣೋದು ಬೇಡ" ಅಂತ ಹಂಗಿಸುತ್ತಾರೆ. ಉತ್ತರ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಇನ್ನೊಂದು ತಮಾಷೆ. ಅಡುಗೆಮನೆಯಲ್ಲಿ ಓವನ್ ಹಾಕಿದರೆ ಮಗನ ವೈಫೈ ತೆವಳುತ್ತದೆ. ಡಿಶ್, ಓವನ್, ವೈಫೈ ಮೂರೂ ಮೈಕ್ರೋವೇವ್ ಅಂತ ಅವನು ಹೇಳುತ್ತಾನೆ. ಹಾಗಾದರೆ ರೇಡಿಯೋ ಕೂಡ ಅದೇ ಥರದ ಅಲೆ ಅಲ್ವಾ? ಒಂದಕ್ಕೆ ಮಳೆ ತಾಗುತ್ತದೆ, ಇನ್ನೊಂದಕ್ಕೆ ತಾಗುವುದಿಲ್ಲ ಅಂದರೆ ಹೇಗೆ? ಮತ್ತೆ ಮುಖ್ಯವಾಗಿ, ನಾನು ಡಿಶ್ ಬದಲಾಯಿಸಬೇಕಾ ಬೇಡವಾ?

ಡಿಶ್ ಬಿಚ್ಚುವವ:

ಬದಲಾಯಿಸಬೇಡಿ ಮಾರಾಯ್ರೇ, ದುಡ್ಡು ದಂಡ. ಈ ಕಡೆಯೆಲ್ಲ ಡಿಶ್ ಕಟ್ಟಿಕೊಂಡೇ ಹೊಟ್ಟೆ ಹೊರೆದವನು ನಾನು. ನೀವು ಬರೆದದ್ದರಲ್ಲಿ ಒಂದು ಮಾತು ಸಾಕು. ಮಳೆ ನಿಂತ ಐದು ಹತ್ತು ನಿಮಿಷದಲ್ಲಿ ಚಿತ್ರ ಬಂದರೆ ಅದು ಮೋಡದ ತಪ್ಪು. ಗಂಟೆಗಟ್ಟಲೆ ಬರದಿದ್ದರೆ ಅದು ನಿಮ್ಮ ಮಾಡಿನ ಮೇಲಿನ ತಪ್ಪು. ಏನೋ ಒಂದು ನೆನೆದು ಕೂತಿದೆ, ಅದು ಒಣಗಿದ ಮೇಲೆ ಟಿವಿ ಬರುತ್ತಿದೆ.

ಮೊದಲು ಎಲ್‌ಎನ್‌ಬಿ ನೋಡಿ, ಅದೇ ಕೋಲಿನ ತುದಿಯ ಮೂತಿ. ಅದರ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಸೀಳಿದ್ದರೆ ನೀರು ಒಳಗೇ ಹೋಗಿರುತ್ತದೆ. ನಮ್ಮ ಕಡೆ ಅದರೊಳಗೆ ಇರುವೆ ಮನೆ ಮಾಡುವುದೂ ಉಂಟು. ಆಮೇಲೆ ಕೇಬಲ್ ಸಿಕ್ಕಿಸುವ ಕನೆಕ್ಟರ್ ತಿರುಗಿಸಿ ಬಿಚ್ಚಿ. ಒಳಗಿನ ತಂತಿ ಕೆಂಪಗೆ ಹೊಳೆಯಬೇಕು. ಹಸಿರು ಕಿಲುಬು ಕಂಡರೆ ಒಂದು ಗೇಣು ಕತ್ತರಿಸಿ ಹೊಸದಾಗಿ ಕಟ್ಟಿ. ಕೇಬಲ್ ಮೇಲಿಂದ ನೇರ ಕೆಳಗೆ ಇಳಿಯಬಾರದು, ಕನೆಕ್ಟರ್‌ಗಿಂತ ಕೆಳಗೆ ಒಂದು ಬಳಸು ಬಿಟ್ಟಿರಬೇಕು. ಹಾಗಿದ್ದರೆ ನೀರು ಆ ಬಳಸಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಕನೆಕ್ಟರ್ ಒಳಗೆ ನುಗ್ಗುವುದಿಲ್ಲ.

ಎಲ್ಲಾ ಚಾನೆಲ್ ಹೋಗುತ್ತವಾ, ಅರ್ಧ ಹೋಗುತ್ತವಾ ಅಂತಲೂ ನೋಡಿ. ಬಾಕ್ಸಿನಿಂದ ಎಲ್‌ಎನ್‌ಬಿಗೆ ಅದೇ ಕೇಬಲ್‌ನಲ್ಲಿ ಕರೆಂಟ್ ಹೋಗುತ್ತದೆ. 13 ವೋಲ್ಟ್ ಕೊಟ್ಟರೆ ಒಂದು ಸಾಲಿನ ಚಾನೆಲ್, 18 ವೋಲ್ಟ್ ಕೊಟ್ಟರೆ ಇನ್ನೊಂದು ಸಾಲು. ಕಿಲುಬು ಹಿಡಿದಲ್ಲಿ ವೋಲ್ಟೇಜ್ ಇಳಿದರೆ 18ರ ಸಾಲು ಮೊದಲು ಕೈ ಕೊಡುತ್ತದೆ.

ಮರವನ್ನೂ ನೋಡಿ. ಫ್ರೀ ಡಿಶ್ ಆದರೆ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ನಮ್ಮ ಜಿಲ್ಲೆಯಿಂದ ಆಗ್ನೇಯಕ್ಕೆ, ನೆಲದಿಂದ ಸುಮಾರು 63 ಡಿಗ್ರಿ ಮೇಲೆ. ಅಂದರೆ ಡಿಶ್‌ಗಿಂತ 15 ಮೀಟರ್ ಎತ್ತರದ ಅಡಿಕೆ ಮರ ಏಳೆಂಟು ಮೀಟರ್ ದೂರ ಇದ್ದರೂ ಸಾಕು, ಅಡ್ಡ ಬರುವುದಿಲ್ಲ. ಡಿಶ್ ಮುಖ ನೋಡಿ ಮೋಸ ಹೋಗಬೇಡಿ. ಇವು ಓರೆ ಡಿಶ್, ಕಣ್ಣಿಗೆ ಕಾಣುವುದಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೇ ನೋಡುತ್ತಿರುತ್ತವೆ. ಇದು ತಿಳಿಯದೆ ಎದುರಿನ ತೆಂಗಿನ ಮರ ಕಡಿಸಿದವರನ್ನೂ ಕಂಡಿದ್ದೇನೆ.

ಹಳೇ ಮೇಷ್ಟ್ರು:

ತೋಟದಮನೆಯವರೇ, ನಿಮ್ಮ ಅಪ್ಪಯ್ಯ ಹೇಳಿದ್ದು ಮುಕ್ಕಾಲು ಪಾಲು ಸರಿ. ಶಿವಮೊಗ್ಗದಲ್ಲಿ ಡಿಪ್ಲೊಮಾ ಹುಡುಗರಿಗೆ ವರ್ಷಗಟ್ಟಲೆ ಇದನ್ನೇ ಪಾಠ ಮಾಡಿದೆ. ಅಷ್ಟು ಚೆನ್ನಾಗಿ ಒಂದೇ ಸಾಲಿನಲ್ಲಿ ಹೇಳಲು ನನಗೆ ಒಮ್ಮೆಯೂ ಬರಲಿಲ್ಲ.

ಅಲೆಗಳು ಒಂದೇ ಜಾತಿ, ಹೌದು. ಬೆಳಕೂ ಅದೇ ಜಾತಿ. ವ್ಯತ್ಯಾಸ ಇರುವುದು ಉದ್ದದಲ್ಲಿ. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. ಭದ್ರಾವತಿಯ ಮಧ್ಯಮ ತರಂಗ 675 ಕಿಲೋಹರ್ಟ್ಸ್, ಅಂದರೆ 0.675 ಮೆಗಾಹರ್ಟ್ಸ್. ಒಂದು ಅಲೆ 444 ಮೀಟರ್. ನಿಮ್ಮ ಅಂಗಳದಲ್ಲಿ ಶುರುವಾದರೆ ಗದ್ದೆಬಯಲು ದಾಟಿ ಆಚೆ ಮನೆ ಮುಟ್ಟುತ್ತದೆ. ಡಿಶ್‌ಗೆ ಬರುವುದು ಹೆಚ್ಚುಕಮ್ಮಿ 12 ಗಿಗಾಹರ್ಟ್ಸ್. ಅದರ ಒಂದು ಅಲೆ ಎರಡೂವರೆ ಸೆಂಟಿಮೀಟರ್, ಒಂದು ಸುಲಿದ ಅಡಿಕೆಯಷ್ಟು.

ಈಗ ಎರಡರ ದಾರಿಯಲ್ಲೂ ಮೂರು ನಾಲ್ಕು ಮಿಲಿಮೀಟರ್ ಮಳೆಹನಿ ಇಡಿ. 444 ಮೀಟರ್ ಅಲೆಗೆ ಅದು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಗುಡ್ಡ ಬಂದರೂ ಅದು ಬಳಸಿಕೊಂಡು, ನೆಲ ಹಿಡಿದುಕೊಂಡು ಬರುತ್ತದೆ. ಎರಡೂವರೆ ಸೆಂಟಿಮೀಟರ್ ಅಲೆಗೆ ಹನಿ ದೊಡ್ಡ ವಸ್ತು. ಅಲೆ ಹನಿಗೆ ತಾಗಿ ಆಚೀಚೆ ಚದುರುತ್ತದೆ, ಸ್ವಲ್ಪ ಪಾಲು ಹನಿಯೊಳಗೆ ಶಾಖವಾಗಿ ಹೋಗುತ್ತದೆ. ನೀರು ಅಲೆಯನ್ನು ಹೀರುವ ಗುಣ ಅತಿ ಹೆಚ್ಚು ಇರುವುದು 20 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಡಿಶ್‌ನ 12 ಅದರ ಹತ್ತಿರವೇ ಇದೆ.

ಎಷ್ಟು ಕಡಿಮೆಯಾಗುತ್ತದೆ ಅಂತ ಲೆಕ್ಕ ಹಾಕುವ ಸೂತ್ರವೂ ಇದೆ. ಗಂಟೆಗೆ 50 ಮಿಲಿಮೀಟರ್ ವೇಗದಲ್ಲಿ ಹೊಡೆಯುವ ಮಳೆಯಲ್ಲಿ 12 ಗಿಗಾಹರ್ಟ್ಸ್ ಅಲೆ ಪ್ರತಿ ಕಿಲೋಮೀಟರ್‌ಗೆ ಸುಮಾರು ಎರಡೂವರೆ ಡಿಬಿ ಕಳೆದುಕೊಳ್ಳುತ್ತದೆ. ಡಿಬಿ ಅಂದರೆ ಸಿಗ್ನಲ್ ಎಷ್ಟು ಇಳಿಯಿತು ಅನ್ನುವ ಅಳತೆ. 3 ಡಿಬಿ ಇಳಿದರೆ ಉಳಿಯುವುದು ಅರ್ಧ, 10 ಡಿಬಿ ಇಳಿದರೆ ಹತ್ತರಲ್ಲಿ ಒಂದು. ಓರೆಯಾಗಿ ನಾಲ್ಕೈದು ಕಿಲೋಮೀಟರ್ ಮಳೆಯೊಳಗೆ ಬರಬೇಕಾದ ಸಿಗ್ನಲ್ ಅಷ್ಟು ಹೊತ್ತಿಗೆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಆಗಿರುತ್ತದೆ. ಟಿವಿ ಹೋಗುತ್ತದೆ. ಅದು ಸಹಜ.

ಆದರೆ ನಿಮ್ಮ ಜಿಟಿಜಿಟಿ ಮಳೆಗೆ ಇದೇ ಲೆಕ್ಕ ಹಾಕಿ. ಗಂಟೆಗೆ 5 ಮಿಲಿಮೀಟರ್ ಅಂದುಕೊಳ್ಳೋಣ. ಕಿಲೋಮೀಟರ್‌ಗೆ 0.16 ಡಿಬಿ, ಐದು ಕಿಲೋಮೀಟರ್‌ಗೆ ಒಂದು ಡಿಬಿಯೂ ಇಲ್ಲ. ಅಷ್ಟಕ್ಕೆ ಯಾವ ಡಿಶ್ಶೂ ಹೋಗಬಾರದು. ಹಾಗಾಗಿ ಮೇಲಿನವರು ಹೇಳಿದ್ದೇ ಸರಿ, ನಿಮ್ಮ ಮಾಡಿನ ಮೇಲೇ ಏನೋ ಇದೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ ಸುರಿಯುತ್ತೆ, ಡಿಶ್ ಹೋಗದೆ ಇನ್ನೇನು ಅಂತ ಜನ ಹೇಳುತ್ತಾರೆ. ವರ್ಷದ ಲೆಕ್ಕಕ್ಕೂ ಡಿಶ್‌ಗೂ ಸಂಬಂಧ ಇಲ್ಲ. ಆ ಹೊತ್ತಿಗೆ ಎಷ್ಟು ಜೋರು ಅನ್ನುವುದೇ ಲೆಕ್ಕ. ಬಯಲುಸೀಮೆಯಲ್ಲಿ ಏಪ್ರಿಲ್ ಸಂಜೆ ಅರ್ಧ ಗಂಟೆ ಗುಡುಗಿ ಸುರಿಯುವ ಮಳೆ ನಮ್ಮ ಮೂರು ದಿನದ ಸೋನೆಗಿಂತ ಡಿಶ್‌ಗೆ ಜಾಸ್ತಿ ಕೆಟ್ಟದ್ದು.

ಇನ್ನು ಅಪ್ಪಯ್ಯನ ಮಾತಿನ ಉಳಿದ ಕಾಲು ಪಾಲು. ಮಳೆ ತಾಗದಿದ್ದರೂ ರೇಡಿಯೋಗೆ ಸಿಡಿಲು ತಾಗುತ್ತದೆ. ಸಿಡಿಲಿನ ಗದ್ದಲ ಹೆಚ್ಚಾಗಿ ಕೆಳಗಿನ ಫ್ರೀಕ್ವೆನ್ಸಿಯಲ್ಲಿರುತ್ತದೆ. ಮುಂಗಾರು ಶುರುವಿನಲ್ಲಿ ಎಲ್ಲೋ ದೂರದಲ್ಲಿ ಮಿಂಚಿದರೂ ಅವರ ಡಬ್ಬಿ ಕರಕರ ಅನ್ನುತ್ತದಲ್ಲ, ಅದೇ. ಆ ಕರಕರ ನಿಮ್ಮ ಡಿಶ್‌ಗೆ ಕೇಳಿಸುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬ್ ರೇಡಿಯೋ ಪಕ್ಕದಲ್ಲಿ ಹಚ್ಚಿ ನೋಡಿ, ಗುಂಯ್ ಅಂತ ಶುರುವಾದರೆ ಜಗಳದಲ್ಲಿ ನಿಮಗೂ ಒಂದು ಅಂಕ.

ಗುಡ್ಡದ ಮೇಲಿನವ:

ಫೈಬರ್ ಬಂದಿದೆಯಲ್ಲ, ಡಿಶ್ ಕಿತ್ತು ಎಸೆಯಿರಿ. ಇಷ್ಟೆಲ್ಲ ಪಾಠ ಯಾಕೆ?

ತೋಟದಮನೆ:

ಗುಡ್ಡದ ಮೇಲಿನವರೇ, ನಮ್ಮ ಫೈಬರ್ ಕಂಬದಿಂದ ಕಂಬಕ್ಕೆ ಕಾಡಿನೊಳಗೇ ಬರುವುದು. ಒಂದು ಧೂಪದ ಮರ ಬಿದ್ದರೆ ಮೂರು ದಿನ. ಎರಡೂ ಇರಲಿ.

ಮೇಷ್ಟ್ರೇ, ಡಿಶ್ ಬಿಚ್ಚುವವರೇ, ಇಬ್ಬರಿಗೂ ದೊಡ್ಡ ನಮಸ್ಕಾರ. ಏಣಿ ಹಾಕಿ ಹತ್ತಿ ನೋಡಿದೆ. ಹೇಳಲು ನಾಚಿಕೆ. ಎಲ್‌ಎನ್‌ಬಿಗೆ ಒಂದು ಅಡಿಕೆ ಹಾಳೆ ಟೊಪ್ಪಿ ಕಟ್ಟಿದೆ. ಮೂತಿಯ ಮುಂದೆ ಪೂರ್ತಿ ಇಳಿಬಿಟ್ಟು, ಬಾಳೆಪಟ್ಟೆ ಹಗ್ಗದಲ್ಲಿ ಚೆಂದಾಗಿ ಬಿಗಿದಿದೆ. ಕೆಳಗಿಳಿದು ಕೇಳಿದರೆ ಅಪ್ಪಯ್ಯನ ಕೆಲಸ. ಬೇಸಿಗೆಯಲ್ಲಿ ಮಾಡು ಹೊದಿಸಲು ಬಂದ ಆಳಿನ ಕೈಯಲ್ಲಿ ಕಟ್ಟಿಸಿದರಂತೆ. "ನೆನೆಯುತ್ತೆ ಅಂತ ನೀವೇ ಬಯ್ಕೊಳ್ತಿದ್ರಲ್ಲ, ಅದಕ್ಕೇ ಟೊಪ್ಪಿ ಹಾಕಿಸಿದೆ" ಅಂದರು.

ಒಂದು ಅನುಮಾನ. ಬೇಸಿಗೆಯಲ್ಲೂ ಆ ಟೊಪ್ಪಿ ಅಲ್ಲೇ ಇತ್ತು, ಟಿವಿ ಚೆನ್ನಾಗಿಯೇ ಬರುತ್ತಿತ್ತು. ಹಾಗಾದರೆ ಅದರದ್ದೇ ತಪ್ಪು ಅಂತ ಹೇಗೆ ಹೇಳುವುದು?

ಡಿಶ್ ಬಿಚ್ಚುವವ:

ಹಾಳೆ ಟೊಪ್ಪಿ! ಕಂಬಳಿ ಕೊಪ್ಪೆ ಹಾಕದೆ ಬಿಟ್ಟರಲ್ಲ, ಪುಣ್ಯ. ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದು ನೋಡಿದ್ದೇನೆ, ಮೊಸರಿನ ಡಬ್ಬಿ ನೋಡಿದ್ದೇನೆ, ಇದು ಮೊದಲ ಸಲ.

ಹಳೇ ಮೇಷ್ಟ್ರು:

ನಗಬೇಡಿ, ಅವರ ಅನುಮಾನ ಒಳ್ಳೆಯದು. ಒಣಗಿದ ಹಾಳೆ ಅಂದರೆ ನಾರು ಮತ್ತು ಗಾಳಿ. ಮೈಕ್ರೋವೇವ್ ಅದರೊಳಗೆ ಹೆಚ್ಚು ತಡೆಯಿಲ್ಲದೆ ದಾಟುತ್ತದೆ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮುಚ್ಚಳ ಇರುವುದೂ ಅದೇ ಧೈರ್ಯದಲ್ಲಿ. ಆದರೆ ಹಾಳೆ ಒಂದು ಸಲ ನೆನೆದರೆ ನೀರು ಕುಡಿದ ಚಾಪೆ ಇದ್ದ ಹಾಗೆ. ಮೋಡದಲ್ಲಿ ಹನಿಗಳು ಕಿಲೋಮೀಟರ್‌ಗಟ್ಟಲೆ ಹರಡಿ ಮಾಡುವ ಕೆಲಸವನ್ನು ಅದು ಮೂತಿಯ ಮುಂದೆ ನಿಂತು ಕೆಲವೇ ಮಿಲಿಮೀಟರ್‌ನಲ್ಲಿ ಮಾಡುತ್ತದೆ. ಡಿಶ್ ಇಡೀ ಮೈಯಲ್ಲಿ ಹಿಡಿದ ಸಿಗ್ನಲ್ ಎಲ್ಲ ಕೊನೆಗೆ ಬರುವುದು ಆ ಮೂತಿಗೇ ಅಲ್ವಾ. ಜಿಟಿಜಿಟಿ ಮಳೆಗೂ ಹಾಳೆ ನೆನೆಯುತ್ತದೆ, ಮಳೆ ನಿಂತ ಮೇಲೂ ಅಷ್ಟು ಬೇಗ ಒಣಗುವುದಿಲ್ಲ. ನಿಮ್ಮ ಒಂದು ಗಂಟೆ, ಎರಡು ಗಂಟೆಯ ಲೆಕ್ಕ ಹಾಳೆ ಒಣಗುವ ಲೆಕ್ಕ.

ನಂಬಿಕೆ ಬರದಿದ್ದರೆ ಮನೆಯಲ್ಲೇ ಓವನ್ ಇದೆಯಲ್ಲ. ಹಾಳೆಯ ಎರಡು ತುಂಡು ತೆಗೆದುಕೊಳ್ಳಿ. ಒಂದು ಒಣಗಿದ್ದು, ಒಂದು ರಾತ್ರಿಯಿಡೀ ನೀರಲ್ಲಿ ನೆನೆಸಿದ್ದು. ಪಕ್ಕದಲ್ಲಿ ಒಂದು ಲೋಟ ನೀರನ್ನೂ ಇಡಿ, ಗಾಜಿನದ್ದು, ಸ್ಟೀಲ್ ಬೇಡ. ಓವನ್ ಖಾಲಿ ಓಡಿಸಬಾರದು, ಅದಕ್ಕೆ. ಅರ್ಧ ನಿಮಿಷ ಸಾಕು, ಎದುರೇ ನಿಂತಿರಿ. ಓವನ್ 2.45 ಗಿಗಾಹರ್ಟ್ಸ್, ಡಿಶ್ 12. ಎರಡೂ ಒಂದೇ ಅಲ್ಲ. ಆದರೆ ನೀರಿನ ಸ್ವಭಾವ ತೋರಿಸಲು ಸಾಕು.

ಸಾಗರದ ಹುಡುಗಿ:

ಅಡ್ಡ ಬಾಯಿ ಹಾಕುತ್ತಿದ್ದೇನೆ, ಎರಡು ಪ್ರಶ್ನೆ. 2.45 ಗಿಗಾಹರ್ಟ್ಸ್ ಅನ್ನುವುದು ನೀರಿನ ಅಣು ಕುಣಿಯುವ ಸರಿಯಾದ ಫ್ರೀಕ್ವೆನ್ಸಿ, ಅದಕ್ಕೇ ಓವನ್‌ಗೆ ಅದನ್ನು ಆರಿಸಿದ್ದು ಅಂತ ಕಾಲೇಜಿನಲ್ಲಿ ಹೇಳಿದ್ದರು. ನೀವು ನೋಡಿದರೆ 20 ಅನ್ನುತ್ತಿದ್ದೀರಿ. ಯಾವುದು ಸರಿ?

ಎರಡನೆಯದು. ನಮ್ಮ ಮನೆಗೆ ಹೊಸ ಕೇಬಲ್ ತಂದರು. ಒಳಗಿನ ತಾಮ್ರದ ತಂತಿಗೆ ಆಯಸ್ಕಾಂತ ಹಿಡಿದರೆ ಅಂಟುತ್ತದೆ! ತಾಮ್ರ ಅಂತ ಹೇಳಿ ಕಬ್ಬಿಣ ಕೊಟ್ಟಿದ್ದಾರೆ. ಮೋಸ ತಾನೇ?

ಹಳೇ ಮೇಷ್ಟ್ರು:

ತಂಗೀ, ಕಾಲೇಜಿನಲ್ಲಿ ಹೇಳಿದ್ದು ತಪ್ಪು, ಆದರೆ ಬಹಳ ಜನ ಹೇಳುವ ತಪ್ಪು. 2.45ರಲ್ಲಿ ನೀರಿಗೆ ವಿಶೇಷ ಏನೂ ಇಲ್ಲ. ಆ ಫ್ರೀಕ್ವೆನ್ಸಿ ಪಟ್ಟಿಯನ್ನು ಕಾರ್ಖಾನೆ, ವೈದ್ಯಕೀಯ ಇಂಥ ಕೆಲಸಕ್ಕೆ ಅಂತ ಬಿಟ್ಟುಕೊಟ್ಟಿದ್ದಾರೆ, ಅದಕ್ಕೆ ಓವನ್ ಅಲ್ಲಿದೆ. ನಿಜ ಹೇಳಬೇಕೆಂದರೆ 20 ಗಿಗಾಹರ್ಟ್ಸ್‌ನಲ್ಲಿ ಓವನ್ ಮಾಡಿದರೆ ಅಡುಗೆ ಕೆಡುತ್ತದೆ. ಅಲೆಯನ್ನೆಲ್ಲ ಮೇಲಿನ ಪದರವೇ ಕುಡಿದುಬಿಡುತ್ತದೆ, ಒಳಗೆ ತಣ್ಣಗೇ ಇರುತ್ತದೆ. 2.45 ನೀರಿಗೆ ಸ್ವಲ್ಪ ಮೆಲ್ಲಗೆ ತಾಗುವುದರಿಂದಲೇ ಒಂದೆರಡು ಸೆಂಟಿಮೀಟರ್ ಒಳಗೆ ಇಳಿಯುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ 915 ಮೆಗಾಹರ್ಟ್ಸ್ ಓವನ್‌ಗಳೂ ಇವೆ, ಅವು ಇನ್ನೂ ಆಳಕ್ಕೆ ಹೋಗುತ್ತವೆ.

ಕೇಬಲ್ ಮೋಸ ಅಲ್ಲ. ಮೋಸ ಅಂತ ಹೇಳಲು ಮನಸ್ಸಾಗುತ್ತದೆ, ಆದರೆ ಅಲ್ಲ. ಅದು ಉಕ್ಕಿನ ತಂತಿಗೆ ತಾಮ್ರ ಹೊದಿಸಿದ್ದು. ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟ್ ತಂತಿಯ ಒಳಗೆ ಹೋಗದೆ ಮೈ ಮೇಲೇ ಹರಿಯುತ್ತದೆ. ಮನೆ ಕರೆಂಟಿನ 50 ಹರ್ಟ್ಸ್‌ಗೆ ತಾಮ್ರದಲ್ಲಿ ಅದು ಇಳಿಯುವ ಆಳ ಒಂಬತ್ತು ಮಿಲಿಮೀಟರ್, ಅಂದರೆ ತಂತಿ ಪೂರ್ತಿ ಬಳಕೆಯಾಗುತ್ತದೆ. 1 ಗಿಗಾಹರ್ಟ್ಸ್‌ಗೆ ಆ ಆಳ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಎರಡು ಪಾಲು. ಎಲ್‌ಎನ್‌ಬಿ 12 ಗಿಗಾಹರ್ಟ್ಸ್ ಅನ್ನು ಅಲ್ಲೇ ಇಳಿಸಿ 950ರಿಂದ 2150 ಮೆಗಾಹರ್ಟ್ಸ್ ಒಳಗೆ ಕೆಳಗೆ ಕಳಿಸುತ್ತದೆ, ಅಷ್ಟಕ್ಕೆ ತಾಮ್ರದ ತೆಳು ಹೊದಿಕೆ ಸಾಕೋ ಸಾಕು. ಒಳಗೆ ಉಕ್ಕಿದ್ದರೇನು, ತೆಂಗಿನ ಕಡ್ಡಿ ಇದ್ದರೇನು.

ಆದರೆ ಡಿಶ್ ಬಿಚ್ಚುವವರು ಹೇಳಿದ 13, 18 ವೋಲ್ಟ್ ಇದೆಯಲ್ಲ, ಅದು ನೇರ ಕರೆಂಟ್. ಅದಕ್ಕೆ ಇಡೀ ತಂತಿ ಬೇಕು, ಉಕ್ಕು ಅದಕ್ಕೆ ತಾಮ್ರದಷ್ಟು ಒಳ್ಳೆಯ ದಾರಿ ಅಲ್ಲ. ಮಾಡಿನಿಂದ ಹತ್ತಿಪ್ಪತ್ತು ಮೀಟರ್ ಆದರೆ ಚಿಂತೆ ಇಲ್ಲ. ಡಿಶ್ ತೋಟದ ಆಚೆ ಗುಡ್ಡದಲ್ಲಿದ್ದು ಎಪ್ಪತ್ತು ಎಂಬತ್ತು ಮೀಟರ್ ಎಳೆದಿದ್ದರೆ ಪೂರ್ತಿ ತಾಮ್ರದ್ದೇ ತನ್ನಿ. ಅಷ್ಟು ಉದ್ದಕ್ಕೆ ಸಿಗ್ನಲ್ಲೂ ಸವೆಯುತ್ತದೆ. ಆರ್‌ಜಿ-6 ಕೇಬಲ್‌ನಲ್ಲಿ 1 ಗಿಗಾಹರ್ಟ್ಸ್‌ಗೆ ನೂರು ಮೀಟರ್‌ಗೆ ಸುಮಾರು 20 ಡಿಬಿ, 2 ಗಿಗಾಹರ್ಟ್ಸ್‌ಗೆ ಇನ್ನೂ ಜಾಸ್ತಿ.

ಹ್ಯಾಮ್ ಶಿವಮೊಗ್ಗ:

ತಡವಾಗಿ ನೋಡಿದೆ, ಒಳ್ಳೇ ಚರ್ಚೆ. ಓವನ್ ಮತ್ತು ವೈಫೈ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ.

ವೈಫೈನ ಹಳೆಯ ಪಟ್ಟಿ 2.4 ಗಿಗಾಹರ್ಟ್ಸ್. 1ನೇ ಚಾನೆಲ್ 2412 ಮೆಗಾಹರ್ಟ್ಸ್, 6ನೆಯದು 2437, 11ನೆಯದು 2462. ಓವನ್ ಕೂಡ ಅಲ್ಲೇ, 2450ರ ಸುತ್ತಮುತ್ತ ಅಲೆದಾಡುತ್ತದೆ. ರೂಟರ್‌ನದ್ದು 0.1 ವ್ಯಾಟ್, ಓವನ್ ಒಳಗೆ 800 ವ್ಯಾಟ್. ಎಂಟು ಸಾವಿರ ಪಟ್ಟು. ಬಾಗಿಲ ಸಂದಿಯಿಂದ ಚೂರೇ ಚೂರು ಸೋರಿದರೂ ರೂಟರ್‌ನ ಪಿಸುಮಾತು ಕೇಳಿಸುವುದಿಲ್ಲ. ಆದರೂ ವೈಫೈ ಸಾಯದೆ ತೆವಳುತ್ತದೆ ಅಂತ ಬರೆದಿದ್ದೀರಲ್ಲ, ಅದಕ್ಕೂ ಕಾರಣ ಇದೆ. ಸಾಧಾರಣ ಓವನ್‌ನಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಕರೆಂಟಿನ ಪ್ರತಿ ಸುತ್ತಿನಲ್ಲಿ ಅರ್ಧ ಹೊತ್ತು ಮಾತ್ರ ಉರಿಯುತ್ತದೆ. 50 ಹರ್ಟ್ಸ್ ಅಂದರೆ ಸುತ್ತಿಗೆ 20 ಮಿಲಿಸೆಕೆಂಡ್, ಅದರಲ್ಲಿ ಸುಮಾರು ಹತ್ತು ಗದ್ದಲ, ಹತ್ತು ಮೌನ. ವೈಫೈ ಆ ಮೌನದಲ್ಲಿ ನುಸುಳಿಕೊಂಡು ಕೆಲಸ ಮಾಡುತ್ತದೆ. ಮಗನಿಗೆ 5 ಗಿಗಾಹರ್ಟ್ಸ್ ಪಟ್ಟಿಗೆ ಹೋಗಲು ಹೇಳಿ, ಗೋಳು ಮುಗಿಯಿತು. ಆದರೆ 5 ಗಿಗಾಹರ್ಟ್ಸ್ ನಿಮ್ಮ ಮನೆಯ ದಪ್ಪ ಮಣ್ಣಿನ ಗೋಡೆ ದಾಟಿ ಕೊಟ್ಟಿಗೆವರೆಗೆ ಹೋಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಸಾಧ್ಯವಾಗದಿದ್ದರೆ ರೂಟರನ್ನೇ ಅಡುಗೆಮನೆ ಗೋಡೆಯಿಂದ ದೂರ ಇಡಿ, ಚಾನೆಲ್ 1 ಹಾಕಿ.

ಸೋರುತ್ತೆ ಅಂದ ತಕ್ಷಣ ಹೆದರಬೇಡಿ. ಬಾಗಿಲ ಜಾಲರಿಯ ತೂತು ಒಂದೆರಡು ಮಿಲಿಮೀಟರ್, ಅಲೆ 12 ಸೆಂಟಿಮೀಟರ್. ಅಲೆಗೆ ಅದು ತೂತಲ್ಲ, ಗೋಡೆ. ಹಿಂದೆ ಕೇಬಲ್ ಟಿವಿಯವರ ಮಹಡಿ ಮೇಲೆ ಜಾಲರಿಯ ದೊಡ್ಡ ದೊಡ್ಡ ಡಿಶ್ ಇರುತ್ತಿದ್ದವು, ಕಾಗೆ ಕೂರುತ್ತಿದ್ದವಲ್ಲ. ಅವು 4 ಗಿಗಾಹರ್ಟ್ಸ್‌ನ ಸಿ ಬ್ಯಾಂಡ್, ಅಲೆ ಏಳೂವರೆ ಸೆಂಟಿಮೀಟರ್, ಅಲ್ಲೂ ಇದೇ ನ್ಯಾಯ. ಅಷ್ಟು ದೊಡ್ಡದು ಯಾಕೆ ಅಂದರೆ, ಒಂದೇ ಅಳತೆಯ ಡಿಶ್ 4 ಗಿಗಾಹರ್ಟ್ಸ್‌ಗೆ ಹೋಲಿಸಿದರೆ 12ರಲ್ಲಿ ಒಂಬತ್ತು ಪಟ್ಟು ಚುರುಕು. ಅದಕ್ಕೇ ನಿಮ್ಮ ಮನೆಗೆ ಎರಡಡಿ ಡಿಶ್ ಸಾಕಾಗುವುದು. ಮೇಷ್ಟ್ರ ಲೆಕ್ಕದ ಗಂಟೆಗೆ 50 ಮಿಲಿಮೀಟರ್ ಮಳೆಗೆ ಸಿ ಬ್ಯಾಂಡ್ ಕಿಲೋಮೀಟರ್‌ಗೆ 0.06 ಡಿಬಿ ಕಳೆದುಕೊಂಡರೆ ಹೆಚ್ಚು. ದೊಡ್ಡ ಡಿಶ್ ಬೇಕೋ, ಮಳೆಗಾಲದ ಬೈಗುಳ ಬೇಕೋ, ಎರಡರಲ್ಲಿ ಒಂದು.

ಇನ್ನೊಂದು ಮಾತು. ಓವನ್ ಒಳಗೆ ಮೊಬೈಲ್ ಇಟ್ಟು ಬಾಗಿಲು ಹಾಕಿ ಕರೆ ಮಾಡುವುದು, ರಿಂಗ್ ಆದರೆ ಓವನ್ ಸೋರುತ್ತೆ ಅನ್ನುವುದು. ಈ ಪರೀಕ್ಷೆ ಸುಳ್ಳು. ಬಾಗಿಲ ಅಂಚಿನಲ್ಲಿ ಅಲೆ ತಡೆಯಲು ತೋಡಿನಂಥ ಒಂದು ಸಂದು ಇರುತ್ತದೆ, ಅದರ ಆಳ 2.45 ಗಿಗಾಹರ್ಟ್ಸ್ ಅಲೆಯ ಕಾಲು ಭಾಗ, ಮೂರು ಸೆಂಟಿಮೀಟರ್. ಆ ಒಂದು ಫ್ರೀಕ್ವೆನ್ಸಿಗೆ ಮಾತ್ರ ಅದು ಬೀಗ. ಮೊಬೈಲ್ 900ರಲ್ಲೋ 1800ರಲ್ಲೋ ಮಾತಾಡುತ್ತದೆ, ಆ ಬೀಗ ಅದಕ್ಕೆ ಲೆಕ್ಕಕ್ಕಿಲ್ಲ. ಜಾಲರಿ ಹರಿದಿದ್ದರೆ, ಬಾಗಿಲು ಸೊಟ್ಟಗಿದ್ದರೆ ಮಾತ್ರ ರಿಪೇರಿಗೆ ಕೊಡಿ. ಆ ಪರೀಕ್ಷೆ ಮಾಡಲು ಹೋಗಿ ಯಾರೋ ಅಭ್ಯಾಸಬಲದಿಂದ ಓವನ್ ಗುಂಡಿ ಒತ್ತಿಬಿಟ್ಟರೆ ಫೋನ್ ಕಥೆ ಮುಗಿದ ಹಾಗೆ.

ವಿಷಯಕ್ಕೆ ಹೊರಗಿನದು, ಆದರೂ ಹೇಳದೆ ಇರಲಾರೆ. ಇಷ್ಟು ಗಿಡ್ಡ ಅಲೆಗಳನ್ನು ಮೊದಲು ಪಳಗಿಸಿದವರಲ್ಲಿ ನಮ್ಮ ಜಗದೀಶಚಂದ್ರ ಬೋಸರೂ ಒಬ್ಬರು. 1890ರ ದಶಕದಲ್ಲೇ ಕಲ್ಕತ್ತೆಯಲ್ಲಿ ಐದು ಮಿಲಿಮೀಟರ್ ಅಲೆ ಹುಟ್ಟಿಸಿದ್ದರು, ಅಂದರೆ 60 ಗಿಗಾಹರ್ಟ್ಸ್. ಅಲೆ ಹಿಡಿಯಲು ಲಾಳಿಕೆ ಆಕಾರದ ಬಾಯಿ ಮಾಡಿದ್ದರು. ನಿಮ್ಮ ಎಲ್‌ಎನ್‌ಬಿ ಮುಚ್ಚಳದ ಹಿಂದೆ ಇರುವುದೂ ಅಂಥದ್ದೇ ಒಂದು ಬಾಯಿ. ಅದಕ್ಕೆ ಹಾಳೆ ಟೊಪ್ಪಿ ಹಾಕಿದವರು ಮಾತ್ರ ನಿಮ್ಮ ಅಪ್ಪಯ್ಯನೇ ಮೊದಲು.

ತೋಟದಮನೆ:

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ, ಕರೆಂಟ್ ಇರಲಿಲ್ಲ.

ಓವನ್ ಪರೀಕ್ಷೆ ಮಾಡಿದೆವು. ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಸೇರಿತ್ತು. ಒಣ ಹಾಳೆ ಅರ್ಧ ನಿಮಿಷಕ್ಕೆ ಬೆಚ್ಚಗಾಯಿತೋ ಇಲ್ಲವೋ ಅನ್ನುವ ಹಾಗಿತ್ತು. ನೆನೆಸಿದ್ದು ಹೊಗೆಯಾಡಿತು ಅಂತ ಹೆದರಿದೆವು, ನೋಡಿದರೆ ಆವಿ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿ, ಅಂಚಿನಿಂದ ನೀರು ಗುಳುಗುಳು. ಅಡುಗೆಮನೆ ತುಂಬ ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಬರುವಂಥ ವಾಸನೆ. ಅಪ್ಪಯ್ಯ ಎರಡೂ ತುಂಡು ಮುಟ್ಟಿ ನೋಡಿದರು, ಏನೂ ಮಾತಾಡಲಿಲ್ಲ.

ಆಮೇಲೆ ಮಳೆ ಹನಿಯುತ್ತಿರುವಾಗಲೇ ನಾನು ಏಣಿ ಮೇಲೆ, ಮಗ ಟಿವಿ ಮುಂದೆ. ಸಿಗ್ನಲ್ ಗುಣಮಟ್ಟ 0 ತೋರಿಸುತ್ತಿತ್ತು. ಬಾಳೆಪಟ್ಟೆ ಕತ್ತರಿಸಿ ಟೊಪ್ಪಿ ಎತ್ತಿದೆ. ಒಳಗಿನಿಂದ ಮಗ "ಬಂತು ಬಂತು, 64" ಅಂತ ಕೂಗಿದ. ಟೊಪ್ಪಿ ವಾಪಸ್ ಇಟ್ಟೆ, 0. ಎತ್ತಿದೆ, 64. ಐದಾರು ಸಲ ಮಾಡಿ ಸಮಾಧಾನ ಮಾಡಿಕೊಂಡೆ, ಅಷ್ಟರಲ್ಲಿ ಪೂರ್ತಿ ನೆನೆದಿದ್ದೆ. ಕನೆಕ್ಟರ್ ಬಿಚ್ಚಿದರೆ ಅಲ್ಲೂ ಒಂದು ಹನಿ ನೀರು, ತಂತಿ ತುದಿ ಹಸಿರು. ಕತ್ತರಿಸಿ ಹೊಸದಾಗಿ ಕಟ್ಟಿದೆ, 71 ಆಯಿತು. ಕೇಬಲ್‌ಗೆ ಬಳಸೂ ಬಿಟ್ಟಿದ್ದೇನೆ. ನಿನ್ನೆ ಮಧ್ಯಾಹ್ನ ಧೋ ಅಂತ ಹೊಡೆದಾಗ ಹೋಯಿತು, ನಿಂತು ಏಳು ನಿಮಿಷಕ್ಕೆ ಬಂತು. ಅಷ್ಟು ಹೋಗಲಿ ಬಿಡಿ.

ಓವನ್ ವಿಷಯ. ಮಗ 5 ಗಿಗಾಹರ್ಟ್ಸ್‌ಗೆ ಹೋದ, ಅವನಿಗೆ ಖುಷಿ. ಕೊಟ್ಟಿಗೆಗೆ ಬರುವುದಿಲ್ಲ, ಹ್ಯಾಮ್ ಅವರು ಹೇಳಿದ ಹಾಗೆಯೇ. ಎಲ್‌ಇಡಿ ಬಲ್ಬ್ ರೇಡಿಯೋ ಪಕ್ಕ ಹಚ್ಚಿದೆ ಮೇಷ್ಟ್ರೇ, ಗುಂಯ್ ಅಂದಿತು. ಅಪ್ಪಯ್ಯ ಬಲ್ಬ್ ಆರಿಸಿ, ಕತ್ತಲಲ್ಲೇ ವಾರ್ತೆ ಕೇಳಿದರು.

ಒಂದೇ ಪ್ರಶ್ನೆ ಉಳಿದಿದೆ. ಅವರಿಗೆ ಟೊಪ್ಪಿ ಬಿಡಲು ಮನಸ್ಸಿಲ್ಲ. ಮೂತಿ ಬಿಟ್ಟು, ಹಿಂದಿನ ಕನೆಕ್ಟರ್ ಮೇಲೆ ಮಾತ್ರ ಹಾಳೆ ಕಟ್ಟಬಹುದಾ?

ಡಿಶ್ ಬಿಚ್ಚುವವ:

ಕಟ್ಟಿ, ಧಾರಾಳವಾಗಿ. ಮೂತಿಗೂ ಡಿಶ್‌ಗೂ ಮಧ್ಯೆ ಬರದಿದ್ದರೆ ಆಯಿತು. ಬಾಳೆಪಟ್ಟೆ ಬೇಡ, ಕೊಳೆತು ಜಾರಿ ಮತ್ತೆ ಮೂತಿ ಮೇಲೆ ಬಂದು ಕೂರುತ್ತದೆ. ಕಬ್ಬಿಣದ ಸಣ್ಣ ತಂತಿಯಲ್ಲಿ ಬಿಗಿಯಿರಿ, ಅದರ ಕೆಳಗೆ ಕನೆಕ್ಟರ್‌ಗೆ ಟೇಪನ್ನೂ ಸುತ್ತಿ.